ಉಪಗ್ರಹ ಆ್ಯಂಟೆನಾಗಳಿಗೆ ಅಡ್ಡದಂಡ: ಪೈಪು ಕೊಳ್ಳುವ ಮುನ್ನ

(ಹುಬ್ಬಳ್ಳಿಯಲ್ಲಿ ಹವ್ಯಾಸಿ ರೇಡಿಯೊ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಉಪಗ್ರಹದ ಮೂಲಕ ಮಾತನಾಡಬೇಕೆಂದು ಹೊರಟ ಹವ್ಯಾಸಿ ಮೊದಲು ರೇಡಿಯೊ ಕೊಳ್ಳುತ್ತಾನೆ, ಆಮೇಲೆ ಆ್ಯಂಟೆನಾ ಕೊಳ್ಳುತ್ತಾನೆ, ಹಣ ಉಳಿದಿದ್ದರೆ ಅವನ್ನು ತಿರುಗಿಸುವ ರೊಟೇಟರಿಗೆ ಕೈ ಹಾಕುತ್ತಾನೆ. ಎರಡು ಆ್ಯಂಟೆನಾಗಳನ್ನು ರೊಟೇಟರಿನ ಎಡಬಲಕ್ಕೆ ಹೊತ್ತು ನಿಲ್ಲಬೇಕಾದ ಅಡ್ಡ ಕೊಳವೆಯ ಸರದಿ ಬರುವ ಹೊತ್ತಿಗೆ ಹಣವೂ ತಾಳ್ಮೆಯೂ ತೀರಿರುತ್ತವೆ. ಬೋರ್‌ವೆಲ್ ಕೆಲಸ ಮುಗಿದ ಮೇಲೆ ಹಿತ್ತಲಲ್ಲಿ ಉಳಿದ ನೀರಿನ ಪೈಪು ಆ ಜಾಗಕ್ಕೆ ಏರುತ್ತದೆ. ನಾನೂ ಹಾಗೆಯೇ ಮಾಡಿದವನು. ಆದ್ದರಿಂದ ಇಂದಿನ ಮಾತು ತಜ್ಞನದಲ್ಲ, ಒಂದೇ ಕೊಳವೆಯನ್ನು ಮೂರು ಸಲ ಬದಲಿಸಿದವನದು ಎಂದು ತಿಳಿಯಬೇಕು.

ಕ್ರಾಸ್ ಬೂಮ್ ಎಂದು ಎಲ್ಲರೂ ಕರೆಯುವ ಈ ಕೊಳವೆಯನ್ನು ನಾನು ಅಡ್ಡದಂಡ ಎನ್ನುತ್ತೇನೆ. ಹೆಗಲ ಮೇಲೆ ಅಡ್ಡೆ ಇಟ್ಟುಕೊಂಡು ಎರಡು ತುದಿಗೂ ಕೊಡ ಕಟ್ಟಿ ನಡೆಯುವವರನ್ನು ನೋಡಿದ್ದರೆ ಅದರ ಯಾಂತ್ರಿಕ ಕೆಲಸ ನಿಮಗೆ ಅರ್ಥವಾದಂತೆಯೇ. ನಡುವೆ ಹೆಗಲಿನ ಜಾಗದಲ್ಲಿ ರೊಟೇಟರು ಇರುತ್ತದೆ, ಒಂದು ತುದಿಯಲ್ಲಿ 2 ಮೀಟರ್ ಪಟ್ಟಿಯ ಆ್ಯಂಟೆನಾ, ಇನ್ನೊಂದು ತುದಿಯಲ್ಲಿ 70 ಸೆಂಟಿಮೀಟರ್ ಪಟ್ಟಿಯದು (ಪಟ್ಟಿ ಎಂದರೆ ರೇಡಿಯೊ ಬ್ಯಾಂಡ್; ಅದರ ತರಂಗದ ಉದ್ದವೇ ಅದರ ಹೆಸರು). ಆದರೆ ಅಡ್ಡೆ ಹೊರುವವನ ಕೋಲಿಗೆ ಇಲ್ಲದ ಒಂದು ಗುಣ ಈ ಕೋಲಿಗೆ ಬರುತ್ತದೆ. ಅದು ಲೋಹದ್ದಾಗಿದ್ದರೆ, ನಾವು ಕೇಳದಿದ್ದರೂ ತಾನೇ ಒಂದು ಆ್ಯಂಟೆನಾ ಆಗಿಬಿಡುತ್ತದೆ. ಗಟ್ಟಿತನ, ತೂಕ, ಬೆಲೆ ಎಲ್ಲವೂ ಈ ಮಾತಿನ ನಂತರ ಬರತಕ್ಕವು.

ಯಾವ ತರಂಗಗಳ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹವ್ಯಾಸಿಗಳ ಮೊದಲ ಉಪಗ್ರಹ ಆಸ್ಕರ್-1 ಹಾರಿದ್ದು 1961ರ ಡಿಸೆಂಬರ್ 12ರಂದು. ನಮ್ಮ ಇಸ್ರೊ ಹವ್ಯಾಸಿಗಳಿಗಾಗಿ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು 2005ರ ಮೇ 5ರಂದು ಪಿ.ಎಸ್.ಎಲ್.ವಿ. ಸಿ-6 ರಾಕೆಟಿನಲ್ಲಿ, ಕಾರ್ಟೊಸ್ಯಾಟ್-1ರ ಜೊತೆಗೆ ಶ್ರೀಹರಿಕೋಟಾದಿಂದ ಹಾರಿಸಿತು; ಅದು 2014ರವರೆಗೆ ಕೆಲಸ ಮಾಡಿತು. ಅದಕ್ಕೆ 435 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಳಿಸಿ 145 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೇಳುತ್ತಿದ್ದೆವು. ಈಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ರಿಪೀಟರು ಇದಕ್ಕೆ ತಿರುಗುಮುರುಗು: 145.990ರಲ್ಲಿ ಕೇಳಿ 437.800ರಲ್ಲಿ ಮರಳಿ ನುಡಿಯುತ್ತದೆ. ಹೀಗೆ ಎರಡು ಪಟ್ಟಿಗಳೂ ಏಕಕಾಲಕ್ಕೆ ಬೇಕು, ಎರಡು ಆ್ಯಂಟೆನಾಗಳೂ ಒಂದೇ ದಿಕ್ಕಿಗೆ ನೋಡಬೇಕು; ಅಡ್ಡದಂಡದ ಅಗತ್ಯ ಹುಟ್ಟುವುದೇ ಇಲ್ಲಿ. 145 ಮೆಗಾಹರ್ಟ್ಸ್ ಪಟ್ಟಿಯ ತರಂಗದ ಉದ್ದ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು, 435ರದು ಸುಮಾರು 69 ಸೆಂಟಿಮೀಟರ್. ಬೂಮ್ ಎಂಬ ಬೆನ್ನೆಲುಬಿನ ಮೇಲೆ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಆ್ಯಂಟೆನಾಕ್ಕೆ ಯಾಗಿ ಎನ್ನುತ್ತಾರೆ; ಅದರ ಕಡ್ಡಿಗಳು ತರಂಗದ ಅರ್ಧದಷ್ಟು ಉದ್ದ ಇರುತ್ತವೆಯಾದ್ದರಿಂದ ಅವು ಕ್ರಮವಾಗಿ ಒಂದು ಮೀಟರ್ ಮತ್ತು 34 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತವೆ. ಈ ನಾಲ್ಕು ಅಳತೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ದೂರದರ್ಶನದ ಕಾಲದಲ್ಲಿ ನಮ್ಮ ಮನೆಗಳ ಮೇಲೆ ಇದ್ದ ಟಿ.ವಿ. ಆ್ಯಂಟೆನಾಗಳನ್ನು ನೆನಪಿಸಿಕೊಳ್ಳಿ. ಅವೆಲ್ಲವೂ ಕಬ್ಬಿಣದ ಪೈಪಿನ ಮೇಲೆಯೇ ನಿಂತಿದ್ದವು, ಆದರೂ ಆ ಪೈಪಿನಿಂದ ಚಿತ್ರ ಕೆಟ್ಟಿತೆಂದು ಯಾರೂ ದೂರಿದ್ದಿಲ್ಲ. ಕಾರಣ ಇಷ್ಟೇ: ಪೈಪು ನೆಟ್ಟಗೆ ನಿಂತಿತ್ತು, ಕಡ್ಡಿಗಳು ಅಡ್ಡಲಾಗಿ ಮಲಗಿದ್ದವು. ಕಡ್ಡಿಗೆ ಲಂಬವಾಗಿರುವ ಲೋಹದಲ್ಲಿ ಆ ತರಂಗ ವಿದ್ಯುತ್ತನ್ನು ಹರಿಸಲಾರದು. ಸಮಾಂತರವಾಗಿರುವ ಲೋಹದಲ್ಲಿ ಧಾರಾಳವಾಗಿ ಹರಿಸುತ್ತದೆ. ಉಪಗ್ರಹ ಆ್ಯಂಟೆನಾದಲ್ಲಿ ನಾವು ಅದೇ ಪೈಪನ್ನು ಅಡ್ಡಲಾಗಿ ಮಲಗಿಸುತ್ತೇವೆ, ಅದೂ ಆ್ಯಂಟೆನಾದ ಹಿಂದಲ್ಲ, ನಟ್ಟನಡುವೆ, ಎರಡು ಕಡ್ಡಿಗಳ ಮಧ್ಯದಲ್ಲಿ ತೂರಿಸಿ. ಆಗ ಅಡ್ಡ ಕಡ್ಡಿಗಳ ಸಾಲಿನಲ್ಲಿ ಲೆಕ್ಕಕ್ಕಿಲ್ಲದ ಇನ್ನೊಂದು ಕಡ್ಡಿ ಸೇರಿದಂತಾಯಿತು, ಅದೂ ಎರಡೂವರೆ ಮೀಟರ್ ಉದ್ದದ್ದು.

ಕಡ್ಡಿಗಳು ನೆಟ್ಟಗೆ ಮಾತ್ರ ಇರುವ ಆ್ಯಂಟೆನಾ ಆಗಿದ್ದರೆ ಅಡ್ಡದಂಡ ಲೋಹದ್ದಾದರೂ ಚಿಂತೆಯಿಲ್ಲ, ಏಕೆಂದರೆ ಆಗ ಎರಡೂ ಪರಸ್ಪರ ಲಂಬವಾಗಿರುತ್ತವೆ. ಆದರೆ ಆಕಾಶದಲ್ಲಿ ಉರುಳುತ್ತಾ ಹೋಗುವ ಉಪಗ್ರಹದಿಂದ ಬರುವ ತರಂಗದ ವಾಲಿಕೆ ಗಳಿಗೆಗೊಮ್ಮೆ ಬದಲಾಗುತ್ತದೆಯೆಂದು ಹೆಚ್ಚಿನವರು ವೃತ್ತೀಯ ಧ್ರುವೀಕರಣದ, ಅಂದರೆ ವಾಲಿಕೆ ತಿರುಗುತ್ತಲೇ ಇರುವ ತರಂಗದ, ಆ್ಯಂಟೆನಾ ಬಯಸುತ್ತಾರೆ. ಇದರಲ್ಲಿ ಒಂದೇ ಬೂಮಿನ ಮೇಲೆ ಪರಸ್ಪರ ಲಂಬವಾದ ಎರಡು ಯಾಗಿಗಳಿರುತ್ತವೆ. ಅವುಗಳಿಗೆ ಕಾಲು ತರಂಗದಷ್ಟು ಹಿಂದುಮುಂದಾಗಿ ವಿದ್ಯುತ್ತು ತಲುಪುತ್ತದೆ. ಉಪಗ್ರಹದ ತರಂಗ ಸರಳರೇಖೆಯಲ್ಲಿ ಯಾವ ಕಡೆಗೆ ವಾಲಿದರೂ ಇಂಥ ಆ್ಯಂಟೆನಾ ಹೆಚ್ಚುಕಡಿಮೆ 3 ಡೆಸಿಬೆಲ್ (ಅರ್ಧದಷ್ಟು ಶಕ್ತಿ) ಮಾತ್ರ ಕಳೆದುಕೊಂಡು ಕೇಳುತ್ತದೆ. ಅಡ್ಡದಂಡದ ತೊಡಕೆಲ್ಲ ಈ ಆ್ಯಂಟೆನಾಕ್ಕೇ.

ನನ್ನ ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಕಲಿತದ್ದೆಲ್ಲ ಆ ಎರಡು ವಾರಗಳಲ್ಲಿ. 2 ಮೀಟರಿನ ಜೋಡಿ ಯಾಗಿಯನ್ನು ಮೊದಲು ಅಂಗಳದಲ್ಲಿ ಮರದ ಸ್ಟೂಲಿನ ಮೇಲೆ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿ ಅಳೆದಿದ್ದೆ. ಎರಡೂ ಜೋಡಿಗಳ ಎಸ್.ಡಬ್ಲ್ಯು.ಆರ್. (ಆ್ಯಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿದೆ ಎಂಬುದರ ಅಳತೆ; 1 ಇದ್ದರೆ ಪೂರ್ತಿ ಹೊಂದಿಕೆ, ಹೆಚ್ಚಿದಷ್ಟೂ ಕೆಟ್ಟದ್ದು) 1.3ರ ಸುತ್ತ ಇತ್ತು. ಅದನ್ನೇ ತಾರಸಿಗೆ ಒಯ್ದು, ಕಡ್ಡಿಗಳು ಕೂಡುವ ಗುರುತಿನಂತೆ ಇರುವ ಹಾಗೆ ಅಲ್ಯುಮಿನಿಯಂ ಅಡ್ಡದಂಡಕ್ಕೆ ಬಿಗಿದೆ. ನೆಟ್ಟಗಿನ ಜೋಡಿ 1.3ರಲ್ಲೇ ಉಳಿಯಿತು, ಅಡ್ಡ ಜೋಡಿ 1.9ಕ್ಕೆ ಏರಿತು. ಕೇಬಲ್ಲಿನ ಜೋಡಣೆ ಸಡಿಲವಾಗಿದೆಯೆಂದು ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ, ಕನೆಕ್ಟರು ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಅಡ್ಡದಂಡದ ಮೇಲೆ ಸಂಶಯ ಬಂದು, ಫೈಬರ್ ಗ್ಲಾಸಿನ ಕೊಳವೆಯೊಂದನ್ನು ತರಿಸಿ ಹಾಕಿದೆ. ಮೀಟರು ನೋಡಿದರೆ 1.8. ಆ ಸಂಜೆ ನನಗೆ ಬಂದ ಬೇಸರ ಅಷ್ಟಿಷ್ಟಲ್ಲ. ಮೂರು ಪಟ್ಟು ಹಣ ಕೊಟ್ಟು ತಂದ ಕೊಳವೆ 0.1ರಷ್ಟು ಕೆಲಸ ಮಾಡಿತ್ತು.

ಮರುದಿನ ಬೆಳಗ್ಗೆ ಏಣಿಯ ಮೇಲೆ ನಿಂತು ನೋಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಕಪ್ಪು ಕೇಬಲ್ಲು. ಆ್ಯಂಟೆನಾದಿಂದ ಹೊರಟ ಕೊಆ್ಯಕ್ಸಿಯಲ್ ಕೇಬಲ್ಲನ್ನು ನಾನು ಬಹಳ ಅಚ್ಚುಕಟ್ಟಾಗಿ, ಗೇಣಿಗೊಂದರಂತೆ ಪಟ್ಟಿ ಕಟ್ಟಿ, ಫೈಬರ್ ಗ್ಲಾಸಿನ ಉದ್ದಕ್ಕೂ ರೊಟೇಟರಿನವರೆಗೆ ಒಯ್ದಿದ್ದೆ. ಕೇಬಲ್ಲಿನ ಹೊರಮೈಯಲ್ಲಿ ಇರುವುದು ತಾಮ್ರದ ಹೆಣಿಗೆಯೇ ಅಲ್ಲವೇ. ಪೈಪಿನಿಂದ ಲೋಹವನ್ನು ತೆಗೆದು, ಅದೇ ದಾರಿಯಲ್ಲಿ ಕೇಬಲ್ಲಿನ ರೂಪದಲ್ಲಿ ಮತ್ತೆ ಲೋಹವನ್ನು ಹಾಸಿದ್ದೆ. ಪಟ್ಟಿಗಳನ್ನು ಕತ್ತರಿಸಿ, ಕೇಬಲ್ಲನ್ನು ಆ್ಯಂಟೆನಾದ ಬೂಮಿನ ಗುಂಟವೇ ಹಿಂದಕ್ಕೆ ಒಯ್ದು, ಕೊನೆಯ ಕಡ್ಡಿಯನ್ನು ದಾಟಿಸಿ, ಅಲ್ಲಿಂದ ದೊಡ್ಡ ಸಡಿಲ ಬಳಸಿನಲ್ಲಿ ಕಂಬಕ್ಕೆ ತಂದಾಗ ಮೀಟರು 1.3ಕ್ಕೆ ಮರಳಿತು. ನೋಡಲು ಚೆಂದವಿಲ್ಲ. ಕೆಳಗಿನಿಂದ ನೋಡಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದೀರಾ ಎಂದು ಕೇಳುತ್ತಾರೆ. ಆದರೆ ಆ ಜೋಲು ಕೇಬಲ್ಲಿಗೆ ಇನ್ನೊಂದು ಉಪಯೋಗವೂ ಇದೆ: ಆ್ಯಂಟೆನಾ ದಿಗಂತದಿಂದ ನೆತ್ತಿಯವರೆಗೆ ಏರಿ ಇಳಿಯುವಾಗ ಕೇಬಲ್ಲಿಗೆ ಸಡಿಲು ಬೇಕೇ ಬೇಕು.

ಹಾಗಾಗಿ ಪೈಪು ಯಾವುದರದು ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ. ಕಡ್ಡಿಗಳ ಹತ್ತಿರ, ಅವುಗಳಿಗೆ ಸಮಾಂತರವಾಗಿ ಎಷ್ಟು ಲೋಹ ಮಲಗಿದೆ ಎಂಬುದೇ ಪೂರ್ಣ ಪ್ರಶ್ನೆ. ಕೇಬಲ್ಲು, ಕ್ಷೀಣ ಸಂಕೇತವನ್ನು ಹಿಗ್ಗಿಸಲು ಕಂಬದ ಮೇಲಿಟ್ಟ ಪ್ರಿಆ್ಯಂಪ್ಲಿಫಯರಿಗೆ ಹೋಗುವ ವಿದ್ಯುತ್ ತಂತಿ, ಜೋತುಬೀಳದಿರಲೆಂದು ಕಟ್ಟಿದ ಉಕ್ಕಿನ ತಂತಿ, ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಲೋಹದ ಪುಡಿ ಬೆರೆತ ಬೆಳ್ಳಿ ಬಣ್ಣವನ್ನು ಫೈಬರಿಗೆ ಬಳಿಯಬಾರದೆನ್ನುವುದೂ ಇದೇ ಕಾರಣಕ್ಕೆ. ಕಾರ್ಬನ್ ಫೈಬರಿನ ಕೊಳವೆ ಹಗುರವೂ ಗಟ್ಟಿಯೂ ಆಗಿದೆಯೆಂದು ಒಬ್ಬರು ನನಗೆ ಸಲಹೆ ಕೊಟ್ಟಿದ್ದರು. ಅದು ವಿದ್ಯುತ್ ಹರಿಸುವ ವಸ್ತು, ಆದ್ದರಿಂದ ಈ ಕೆಲಸಕ್ಕೆ ಅದು ಲೋಹದ ಜಾತಿಯದೇ.

ಇಲ್ಲಿ ಬಹಳ ಪ್ರಚಾರದಲ್ಲಿರುವ ಒಂದು ಉಪಾಯದ ಬಗ್ಗೆ ಹೇಳಬೇಕು. ಕಡ್ಡಿಗಳನ್ನು ಕೂಡುವ ಗುರುತಿನಂತೆ ಇಡುವ ಬದಲು 45 ಡಿಗ್ರಿ ತಿರುಗಿಸಿ ಗುಣಿಸುವ ಗುರುತಿನಂತೆ ಇಟ್ಟರೆ ಲೋಹದ ಅಡ್ಡದಂಡವೂ ನಡೆಯುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ, ಆದರೆ ಹೇಳುವಷ್ಟು ಇಲ್ಲ. ಹೀಗೆ ತಿರುಗಿಸಿದಾಗ ಯಾವ ಕಡ್ಡಿಯೂ ದಂಡದ ಗುಂಟ ಮಲಗುವುದಿಲ್ಲ, ಕಡ್ಡಿಗಳ ತುದಿಗಳು ದಂಡದಿಂದ ದೂರ ಸರಿಯುತ್ತವೆ, ತೊಂದರೆ ಎರಡೂ ಜೋಡಿಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಹೀಗಾಗಿ ಮೀಟರಿನಲ್ಲಿ ಎರಡೂ ಅಂಕಿಗಳು ಒಪ್ಪುವಂತೆ ಕಾಣುತ್ತವೆ. ಆದರೆ ವೃತ್ತೀಯ ತರಂಗದಲ್ಲಿ, ಕಡ್ಡಿಗಳನ್ನು ಹೇಗೆ ತಿರುಗಿಸಿದರೂ, ಅಡ್ಡಲಾಗಿ ಆಡುವ ಒಂದು ಪಾಲು ಇದ್ದೇ ಇರುತ್ತದೆ, ಅಡ್ಡಲಾಗಿರುವ ಪೈಪು ಆ ಪಾಲನ್ನು ಕಾಡುತ್ತಲೇ ಇರುತ್ತದೆ. ವೃತ್ತ ಸ್ವಲ್ಪ ಚಪ್ಪಟೆಯಾಗಿ ದೀರ್ಘವೃತ್ತವಾಗುತ್ತದೆ. ಸಮಾಧಾನವಾಗುವುದು ಮೀಟರಿಗೆ. ಅಲ್ಯುಮಿನಿಯಂ ಬಿಟ್ಟು ಬೇರೇನೂ ಸಿಗದವರು ಗುಣಿಸುವ ಗುರುತಿನಂತೆಯೇ ಇಡಲಿ, ದಂಡವನ್ನು ಎರಡು ಕಡ್ಡಿಗಳ ನಡುವಿನ ಅತ್ಯಂತ ಅಗಲದ ಜಾಗದಲ್ಲಿ, ಸರಿಯಾಗಿ ಮಧ್ಯಕ್ಕೆ ಬರುವಂತೆ ಬಿಗಿಯಲಿ. 2 ಮೀಟರಿನಲ್ಲಿ ಇದರಿಂದ ಕೆಲಸ ಸಾಗುತ್ತದೆ. 70 ಸೆಂಟಿಮೀಟರಿನಲ್ಲಿ ಕಡ್ಡಿಗಳೇ ಒತ್ತೊತ್ತಾಗಿರುವುದರಿಂದ 40 ಮಿಲಿಮೀಟರ್ ದಪ್ಪದ ಪೈಪಿಗೆ ದೂರದ ಜಾಗ ಎಂಬುದೇ ಅಲ್ಲಿಲ್ಲ. ಅಂದಹಾಗೆ, ಗುಣಿಸುವ ಗುರುತಿನಂತಿರುವ ಕಡ್ಡಿಗಳ ಮೇಲೆ ಕಾಗೆ ಪಾರಿವಾಳಗಳಿಗೆ ಕೂರಲು ಹದವಾಗುವುದಿಲ್ಲ. ನಾನು ಹಾಗೆ ತಿರುಗಿಸಿದ್ದಕ್ಕೆ ಮುಖ್ಯ ಕಾರಣ ಅದೇ.

ಇನ್ನು ವಸ್ತುಗಳು. ಜಿ.ಐ. ಪೈಪಿನ ವಿಷಯ ಬೇಗ ಮುಗಿಯುತ್ತದೆ: ಒಂದೂಕಾಲು ಇಂಚಿನದು ಮೀಟರಿಗೆ ಸುಮಾರು 3 ಕೆ.ಜಿ. ತೂಗುತ್ತದೆ, ಎರಡೂವರೆ ಮೀಟರಿನ ದಂಡವೇ ಎರಡು ಆ್ಯಂಟೆನಾಗಳಿಗಿಂತ ಭಾರವಾಗುತ್ತದೆ, ಅದರ ಮೇಲೆ ಅದು ಲೋಹ. ಪಿ.ವಿ.ಸಿ. ಪೈಪು ಲೋಹವಲ್ಲ, ಅಗ್ಗ, ಎಲ್ಲೆಡೆ ಸಿಗುತ್ತದೆ; ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಮೆತ್ತಗಾಗಿ, ಭಾರ ಹೊತ್ತಲ್ಲೇ ಬಾಗಿ, ಬಾಗಿದ ಆಕಾರದಲ್ಲೇ ನಿಂತುಬಿಡುತ್ತದೆ. ಒಳಗೆ ಮರದ ಕೋಲು ತೂರಿಸಿದರೆ ನಡೆಯುತ್ತದೆ ಎನ್ನುವವರಿದ್ದಾರೆ. ಹಾಗಾದರೆ ಮರದ ಕೋಲೇ ಸಾಕಲ್ಲವೇ? ಮರ ನಿಜಕ್ಕೂ ಕೆಟ್ಟ ಆಯ್ಕೆಯಲ್ಲ. ಚೆನ್ನಾಗಿ ಒಣಗಿದ ಸಾಗವಾನಿಯ ದುಂಡು ಕೋಲಿಗೆ ಎರಡು ಕೈ ವಾರ್ನಿಷ್ ಹೊಡೆದರೆ ಹಗುರ ಆ್ಯಂಟೆನಾಗಳನ್ನು ಅದು ವರ್ಷಗಟ್ಟಲೆ ಹೊರುತ್ತದೆ. ಮೇದಾರರಲ್ಲಿ ಸಿಗುವ ಗಟ್ಟಿ ಬಿದಿರ ಗಳವೂ ಪ್ರಯೋಗಕ್ಕೆ ಒಳ್ಳೆಯದೇ, ಆದರೆ ಅದರ ದಪ್ಪ ಒಂದೇ ಸಮನಿರುವುದಿಲ್ಲ, ಕ್ಲ್ಯಾಂಪಿನ ಕೆಳಗೆ ಸೀಳುತ್ತದೆ, ಧಾರವಾಡದ ಜಡಿಮಳೆಯಲ್ಲಿ ನೀರು ಕುಡಿದು ಭಾರವಾಗುತ್ತದೆ. ಒಂದು ಮಳೆಗಾಲಕ್ಕೆ ಮಾತ್ರ ಅದನ್ನು ನಂಬಬಹುದು.

ಉಳಿದದ್ದು ಅಲ್ಯುಮಿನಿಯಂ ಮತ್ತು ಫೈಬರ್ ಗ್ಲಾಸ್. ಇವೆರಡರ ನಡುವಿನ ಅಂತರವನ್ನು ಅಂಕಿಯಲ್ಲೇ ನೋಡೋಣ. ಹೊರ ವ್ಯಾಸ 40 ಮಿಲಿಮೀಟರ್, ಗೋಡೆಯ ದಪ್ಪ 3 ಮಿಲಿಮೀಟರ್ ಇರುವ ಕೊಳವೆಯನ್ನು ತೆಗೆದುಕೊಳ್ಳಿ. ಅಲ್ಯುಮಿನಿಯಮ್ಮಿನಲ್ಲಿ ಅದು ಮೀಟರಿಗೆ 940 ಗ್ರಾಂ ತೂಗುತ್ತದೆ, ಫೈಬರ್ ಗ್ಲಾಸಿನಲ್ಲಿ ಸುಮಾರು 660 ಗ್ರಾಂ. ರೊಟೇಟರಿನಿಂದ ಒಂದು ಮೀಟರ್ ದೂರದಲ್ಲಿ 3 ಕೆ.ಜಿ.ಯ ಆ್ಯಂಟೆನಾ ತೂಗಿಸಿದರೆ ಅಲ್ಯುಮಿನಿಯಂ ಎರಡೂಕಾಲು ಮಿಲಿಮೀಟರಿನಷ್ಟು ಬಾಗುತ್ತದೆ, ಫೈಬರ್ ಗ್ಲಾಸ್ 8 ಮಿಲಿಮೀಟರಿನಷ್ಟು. ಬಾಗುವಿಕೆ ಉದ್ದದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಅದೇ ಭಾರವನ್ನು ಒಂದೂವರೆ ಮೀಟರಿಗೆ ಸರಿಸಿದರೆ ಫೈಬರ್ ಗ್ಲಾಸ್ 27 ಮಿಲಿಮೀಟರ್ ಜಗ್ಗುತ್ತದೆ. ಕೇಳಲು ಹೆಚ್ಚೆನಿಸಬಹುದು, ಆದರೆ ಇದರಿಂದ ಆ್ಯಂಟೆನಾ ಒಂದೆರಡು ಡಿಗ್ರಿ ವಾಲಬಹುದು, ಅಷ್ಟೇ. ನಾವು ಬಳಸುವ ಯಾಗಿಗಳ ಕಿರಣದ ಅಗಲ 40 ಡಿಗ್ರಿಯ ಸುತ್ತ ಇರುತ್ತದೆ, ಆ ಒಂದೆರಡು ಡಿಗ್ರಿ ಅದರಲ್ಲಿ ಕಳೆದುಹೋಗುತ್ತದೆ. ಗುರಿ ತಪ್ಪುತ್ತದೆಂಬ ಭಯದಿಂದ ಅಲ್ಯುಮಿನಿಯಂ ಆರಿಸುವವರ ಭಯಕ್ಕೆ ಆಧಾರವಿಲ್ಲ.

ಜಗ್ಗುವುದು ನಿಜಕ್ಕೂ ಕಾಡುವುದು ಗಾಳಿಯಲ್ಲಿ, ತೊಯ್ದಾಟದ ರೂಪದಲ್ಲಿ. ಅದಕ್ಕೆ ಪರಿಹಾರ ಗೋಡೆಯನ್ನು ದಪ್ಪ ಮಾಡುವುದಲ್ಲ, ವ್ಯಾಸವನ್ನು ಹೆಚ್ಚಿಸುವುದು. ಗೋಡೆ 3 ಮಿಲಿಮೀಟರೇ ಇದ್ದು ವ್ಯಾಸ 40ರಿಂದ 50 ಮಿಲಿಮೀಟರಿಗೆ ಏರಿದರೆ ಬಿಗಿತನ ಎರಡರಷ್ಟಾಗುತ್ತದೆ. ಅದರ ಬದಲಿಗೆ ಗಾಳಿಗೆ ಒಡ್ಡುವ ಮೈ ಕಾಲುಭಾಗ ಹೆಚ್ಚುತ್ತದೆ. ಗಾಳಿಯ ಒತ್ತಡವನ್ನು ನಮ್ಮ ಕಟ್ಟಡದ ಎಂಜಿನಿಯರುಗಳು ವೇಗದ ವರ್ಗವನ್ನು 0.6ರಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಗಂಟೆಗೆ 100 ಕಿಲೊಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್, ಚದರ ಮೀಟರಿಗೆ ಸುಮಾರು 464 ನ್ಯೂಟನ್, ಅಂದರೆ 47 ಕೆ.ಜಿ. ಭಾರ ಒತ್ತಿದ ಹಾಗೆ. ಮೂರು ಮೀಟರಿನ 40 ಮಿಲಿಮೀಟರ್ ದಂಡದ ಮೈ 0.12 ಚದರ ಮೀಟರ್, ಅದರ ಮೇಲೆಯೇ ಐದೂವರೆ ಕೆ.ಜಿ.ಯಷ್ಟು ಒತ್ತಡ. ಆ್ಯಂಟೆನಾದ ಗಾಳಿಯ ಲೆಕ್ಕ ಹಾಕುವವರು ದಂಡದ್ದನ್ನು ಮರೆಯುತ್ತಾರೆ. ಕಪ್ಪತ್ತಗುಡ್ಡದ ಆಸುಪಾಸಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗದಗದ ಕಡೆಯವರು ಆಷಾಢದ ಗಾಳಿಯನ್ನು ಲೆಕ್ಕದಲ್ಲಿಟ್ಟುಕೊಂಡೇ ಉದ್ದವನ್ನು ತೀರ್ಮಾನಿಸಬೇಕು.

ಉದ್ದ ಎಷ್ಟಿರಬೇಕು? 2 ಮೀಟರ್ ಪಟ್ಟಿಯ ಕಡ್ಡಿ ಪ್ರತಿ ಬದಿಗೆ ಅರ್ಧ ಮೀಟರ್ ಚಾಚುತ್ತದೆ. ಆ್ಯಂಟೆನಾವನ್ನು ಕಂಬದಿಂದ 1.2 ಮೀಟರ್ ದೂರದಲ್ಲಿ ಇಟ್ಟರೆ ಕಡ್ಡಿಯ ತುದಿಗೂ ಕಂಬಕ್ಕೂ 70 ಸೆಂಟಿಮೀಟರ್ ಅಂತರ ಉಳಿಯುತ್ತದೆ, ಅದು ಸಾಕು. 70 ಸೆಂಟಿಮೀಟರ್ ಪಟ್ಟಿಯದು ಚಿಕ್ಕದಾದ್ದರಿಂದ ಇನ್ನೂ ಹತ್ತಿರ ಬರಬಹುದು, ಆದರೆ ಅದು ಹಗುರವೂ ಹೌದು. ಅಡ್ಡೆ ಹೊರುವವನು ಹಗುರ ಕೊಡದ ಕಡೆ ಕೋಲನ್ನು ಉದ್ದ ಬಿಡುವಂತೆ ನಾವೂ ಅದನ್ನು ದೂರದಲ್ಲೇ ಇಟ್ಟರೆ ಎಡಬಲದ ತೂಕ ಸರಿಹೋಗಿ ಕಂಬ ಒಂದು ಕಡೆಗೆ ವಾಲುವುದಿಲ್ಲ. ಮೇಲೆ ಕೆಳಗೆ ಎತ್ತುವ ಮೋಟರಿಗೆ ಈ ಎಡಬಲದ ತೂಕ ತಿಳಿಯುವುದೇ ಇಲ್ಲ, ಅದಕ್ಕೆ ತಿಳಿಯುವುದು ಹಿಂದುಮುಂದಿನದು ಮಾತ್ರ. ಪ್ರತಿ ಆ್ಯಂಟೆನಾವನ್ನೂ ಕೇಬಲ್ ಸಮೇತ ಒಂದು ಬೆರಳ ಮೇಲೆ ತೂಗಿ ನೋಡಿ, ತೂಕ ಸಮನಾಗುವ ಜಾಗಕ್ಕೆ ಗುರುತು ಹಾಕಿ, ಅಲ್ಲೇ ಕ್ಲ್ಯಾಂಪು ಬರುವಂತೆ ಮಾಡಬೇಕು. ಆ ಜಾಗದಲ್ಲಿ ಕಡ್ಡಿಯೇ ಇದ್ದರೆ ಸ್ವಲ್ಪ ಸರಿಸಿ, ಬಾಲದ ತುದಿಗೆ ತೂಕ ಕಟ್ಟಬೇಕು. ನೆತ್ತಿಗೆ ನೋಡುವಾಗ ಆ್ಯಂಟೆನಾದ ಹಿಂಭಾಗ ಕೆಳಗೆ ಇಳಿಯುತ್ತದೆಂಬುದನ್ನು ಮರೆತು ಪ್ಯಾರಾಪೆಟ್ ಗೋಡೆಗೆ ಕಡ್ಡಿ ಬಡಿಸಿಕೊಂಡವರು ನಮ್ಮಲ್ಲೇ ಇಬ್ಬರಿದ್ದಾರೆ, ಹೆಸರು ಬೇಡ.

ಫೈಬರ್ ಗ್ಲಾಸ್ ದುಬಾರಿಯಾದ್ದರಿಂದ ನಾನು ಈಗ ಬಳಸುತ್ತಿರುವುದು ಮಿಶ್ರ ದಂಡ. ನಡುವೆ ಒಂದು ಮೀಟರ್ ಅಲ್ಯುಮಿನಿಯಂ, ಅದು ರೊಟೇಟರಿನ ಮೂಲಕ ಹಾದು ಪ್ರತಿ ಬದಿಗೆ ಅರ್ಧ ಮೀಟರ್ ಹೊರಬರುತ್ತದೆ. ಅದರೊಳಗೆ ಒಂದು ಅಡಿಯಷ್ಟು ತೂರಿಕೊಂಡು ಫೈಬರ್ ಗ್ಲಾಸಿನ ತುದಿಗಳು ಮುಂದುವರಿಯುತ್ತವೆ. ಆ್ಯಂಟೆನಾ 1.2 ಮೀಟರಿನಲ್ಲಿ ಇರುವುದರಿಂದ ಕಡ್ಡಿಗಳ ತುದಿ 70 ಸೆಂಟಿಮೀಟರಿನವರೆಗೆ ಮಾತ್ರ ಬರುತ್ತದೆ, ಲೋಹ ಅರ್ಧ ಮೀಟರಿಗೇ ನಿಂತಿರುತ್ತದೆ. ಬಾಗುವ ಒತ್ತಡ ಅತಿ ಹೆಚ್ಚು ಬೀಳುವ ಬುಡದಲ್ಲಿ ಲೋಹ, ತರಂಗಕ್ಕೆ ಅಡ್ಡ ಬರುವ ತುದಿಯಲ್ಲಿ ಫೈಬರ್. ಇಡೀ ದಂಡ ಒಂದೇ ವಸ್ತುವಿನದಾಗಬೇಕೆಂಬ ಹಟವನ್ನು ಬಿಟ್ಟದ್ದು ನನ್ನ ಮೂರನೆಯ ಪ್ರಯತ್ನದಲ್ಲಿ.

ಫೈಬರ್ ಗ್ಲಾಸನ್ನು ಲೋಹದಂತೆ ನಡೆಸಿಕೊಳ್ಳಬಾರದು. ಲೈನ್‌ಮನ್‌ಗಳ ಕೈಯಲ್ಲಿರುವ ಹಳದಿ ಡಿಸ್ಚಾರ್ಜ್ ರಾಡನ್ನು ನೀವು ಕಂಡಿರಬಹುದು, ಅದೇ ಜಾತಿಯ ವಸ್ತು. ಅಚ್ಚಿನಿಂದ ಎಳೆದು ಮಾಡಿದ ಕೊಳವೆಯಲ್ಲಿ ಎಳೆಗಳೆಲ್ಲ ಹೆಚ್ಚಾಗಿ ಉದ್ದಕ್ಕೇ ಓಡುತ್ತವೆ, ಆದ್ದರಿಂದ ಬಾಗುವುದನ್ನು ಅದು ಚೆನ್ನಾಗಿ ತಡೆಯುತ್ತದೆ, ಹಿಚುಕುವುದನ್ನು ತಡೆಯುವುದಿಲ್ಲ. ಯು-ಬೋಲ್ಟನ್ನು ಲೋಹದ ಪೈಪಿಗೆ ಬಿಗಿದಂತೆ ಬಿಗಿದರೆ ಚರ್ ಎಂಬ ಸಣ್ಣ ಸದ್ದು ಕೇಳುತ್ತದೆ, ಉದ್ದಕ್ಕೆ ಕೂದಲೆಳೆಯ ಸೀಳು ಬಿಡುತ್ತದೆ. ಕ್ಲ್ಯಾಂಪು ಬರುವ ಜಾಗಗಳಲ್ಲಿ ಕೊಳವೆಯ ಒಳಕ್ಕೆ ಗೇಣುದ್ದದ ಬೆಣೆಯನ್ನು ಎಪಾಕ್ಸಿ ಹಾಕಿ ಕೂರಿಸಬೇಕು; ಆ್ಯಂಟೆನಾದ ಕಡೆ ನೈಲಾನ್ ಅಥವಾ ಸಾಗವಾನಿ. ಲೇತ್ ಇರುವವರು ಯಾರಾದರೂ ಹತ್ತು ನಿಮಿಷದಲ್ಲಿ ಕಡೆದು ಕೊಡುತ್ತಾರೆ. ರಂಧ್ರ ಕೊರೆದರೆ ಅಂಚಿಗೆ ಎಪಾಕ್ಸಿ ಸವರಬೇಕು, ಇಲ್ಲದಿದ್ದರೆ ನೀರು ಎಳೆಗಳ ನಡುವೆ ನುಗ್ಗುತ್ತದೆ. ಇನ್ನು ಬಿಸಿಲು: ನಾಲ್ಕಾರು ವರ್ಷಗಳಲ್ಲಿ ಮೇಲಿನ ರಾಳ ಸವೆದು ಗಾಜಿನ ಎಳೆ ಹೊರಬೀಳುತ್ತದೆ, ಕೈಯಿಟ್ಟರೆ ಮುಳ್ಳಿನಂತೆ ಚುಚ್ಚಿ ತುರಿಸುತ್ತದೆ. ಹಾಕುವ ಮೊದಲೇ ಬಿಸಿಲು ತಡೆಯುವ ಬಿಳಿ ಬಣ್ಣವನ್ನು ಎರಡು ಸಲ ಬಳಿದರೆ ಈ ಕಷ್ಟ ತಪ್ಪುತ್ತದೆ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನನ್ನ ರೊಟೇಟರಿನ ಕ್ಲ್ಯಾಂಪು ಹಿಡಿಯುವುದು 43 ಮಿಲಿಮೀಟರಿನವರೆಗಿನ ದಂಡವನ್ನು. ಒಂದೂವರೆ ಇಂಚು ಎಂದರೆ 38 ಮಿಲಿಮೀಟರೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಅಂಗಡಿಗೆ ಹೋಗಿ ಕೇಳಿದೆ. “ಒಂದೂವರಿ ಇಂಚ್ ಅಂದ್ರ ಇದ ನೋಡ್ರಿ” ಎಂದು ಆತ ಕೊಟ್ಟದ್ದನ್ನು ತಂದು ನೋಡಿದರೆ ಅದು ಕ್ಲ್ಯಾಂಪಿನೊಳಗೆ ಹೋಗಲೇ ಇಲ್ಲ. ತಪ್ಪು ಆತನದಲ್ಲ. ನೀರಿನ ಪೈಪಿನ ಇಂಚು ಹೊರ ಅಳತೆಯಲ್ಲ, ಒಳಗಿನ ಹಾದಿಯ ಅಂದಾಜಿನ ಹೆಸರು. ಒಂದೂವರೆ ಇಂಚಿನ ಜಿ.ಐ. ಪೈಪಿನ ಹೊರ ವ್ಯಾಸ 48.3 ಮಿಲಿಮೀಟರ್, ಒಂದೂಕಾಲು ಇಂಚಿನದು 42.4. ಅಲ್ಯುಮಿನಿಯಂ ಟ್ಯೂಬನ್ನು ಮಾರುವುದು ಹೊರ ವ್ಯಾಸದ ಮೇಲೆ. ವರ್ನಿಯರ್ ಕ್ಯಾಲಿಪರನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗುವುದು ಒಳ್ಳೆಯದು.

ಲೋಹದ ದಂಡದಿಂದ ಸಿಗುತ್ತಿದ್ದ ಒಂದು ಅನುಕೂಲ ಫೈಬರ್ ಗ್ಲಾಸಿನಲ್ಲಿ ಇಲ್ಲವಾಗುತ್ತದೆ. ಲೋಹವಿದ್ದಾಗ ಆ್ಯಂಟೆನಾದ ಬೂಮು ದಂಡದ ಮೂಲಕ ಕಂಬಕ್ಕೂ ಕಂಬದ ಮೂಲಕ ನೆಲಕ್ಕೂ ಕೂಡಿಕೊಂಡಿರುತ್ತದೆ. ಫೈಬರ್ ಬಂದ ಮೇಲೆ ಆ್ಯಂಟೆನಾ ಗಾಳಿಯಲ್ಲಿ ಒಂಟಿಯಾಗಿ ತೂಗುತ್ತದೆ, ನೆಲಕ್ಕಿರುವ ಒಂದೇ ದಾರಿ ಕೇಬಲ್ಲಿನ ಹೊರ ಹೆಣಿಗೆ. ಏಪ್ರಿಲ್ ಮೇ ತಿಂಗಳ ಗುಡುಗುಮಳೆ ನಮ್ಮಲ್ಲಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆ ಹೆಣಿಗೆಯನ್ನು ಕಂಬದ ಬುಡದಲ್ಲಿ ಭೂಮಿಗೆ ಕೂಡಿಸಿ, ಮನೆಯೊಳಕ್ಕೆ ಹೋಗುವ ಮುನ್ನ ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಹಾಯಿಸುವ ಅರೆಸ್ಟರ್ ಹಾಕಬೇಕು, ಮೋಡ ಕಪ್ಪಾದಾಗ ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಬೇಕು. ಕಂಬವನ್ನು ತಾರಸಿಯ ಬದಲು ನೆಲದಲ್ಲಿ ನೆಡುವವರಿಗೆ ಇನ್ನೊಂದು ಮಾತು: ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಆಳವಿಲ್ಲದ ಅಡಿಪಾಯ ಅದರ ಜೊತೆಗೇ ಓಲಾಡುತ್ತದೆ. ಅಡ್ಡದಂಡ ಮಟ್ಟವಾಗಿಲ್ಲವೆಂದು ಕ್ಲ್ಯಾಂಪನ್ನು ಬೈಯುವ ಮೊದಲು ಕಂಬಕ್ಕೆ ತೂಗುಗುಂಡು ಹಿಡಿದು ನೋಡಿ.

ಎಲ್ಲರಿಗೂ ಅಡ್ಡದಂಡ ಬೇಕೇ ಎಂದರೆ, ಬೇಡ. ಕೈಯಲ್ಲಿ ಹಿಡಿಯುವ ಯಾಗಿಯಿಂದ ಆರಂಭಿಸಿದವರು ಉಪಗ್ರಹದ ನಡಿಗೆಯನ್ನು ಮೈಯಿಂದಲೇ ಕಲಿಯುತ್ತಾರೆ. ಸ್ಥಿರ ವ್ಯವಸ್ಥೆ ಬೇಕೆನ್ನುವವರು ದಿಕ್ಕು ಮಾತ್ರ ತಿರುಗಿಸುವ ಸಾದಾ ರೊಟೇಟರಿನ ಮೇಲೆ ಚಿಕ್ಕ ಆ್ಯಂಟೆನಾಗಳನ್ನು 15ರಿಂದ 20 ಡಿಗ್ರಿ ಮೇಲಕ್ಕೆ ವಾಲಿಸಿ ಬಿಗಿದರೂ ಹೆಚ್ಚಿನ ಹಾಯುವಿಕೆಗಳಲ್ಲಿ ಕೆಲಸವಾಗುತ್ತದೆ, ಏಕೆಂದರೆ ಕೆಳಕಕ್ಷೆಯ ಉಪಗ್ರಹ ತನ್ನ ಹತ್ತು ಹನ್ನೆರಡು ನಿಮಿಷಗಳ ಹೆಚ್ಚು ಪಾಲನ್ನು ದಿಗಂತದ ಹತ್ತಿರವೇ ಕಳೆಯುತ್ತದೆ. ಭೂಸ್ಥಿರ ಕಕ್ಷೆಯ ಉಪಗ್ರಹ ಕ್ಯೂ.ಒ.-100 ಬಳಸುವವರಿಗೆ ಹುಬ್ಬಳ್ಳಿಯಿಂದ ಅದು ಪಶ್ಚಿಮಕ್ಕೆ ತುಸು ದಕ್ಷಿಣದಲ್ಲಿ, ಸುಮಾರು 32 ಡಿಗ್ರಿ ಎತ್ತರದಲ್ಲಿ ಅಲುಗಾಡದೆ ನಿಂತಿದೆ. ಅಲ್ಲಿ ಡಿಷ್ ಇರುತ್ತದೆ, ದಂಡವೇ ಇಲ್ಲ. ಡಿಷ್ ಮತ್ತು ಸುರುಳಿಯಾಕಾರದ ಹೆಲಿಕಲ್ ಆ್ಯಂಟೆನಾಗಳನ್ನು ಅಡ್ಡದಂಡಕ್ಕೇ ಹಾಕಿದರೂ ದಂಡ ಅವುಗಳ ಪ್ರತಿಫಲಕದ ಬೆನ್ನಿಗೆ ಬರುವುದರಿಂದ ಲೋಹ ಯಾವ ತೊಂದರೆಯನ್ನೂ ಕೊಡುವುದಿಲ್ಲ. 70 ಸೆಂಟಿಮೀಟರಿನ ಗಿಡ್ಡ ಯಾಗಿಯನ್ನೂ ಹೀಗೆ ಬಾಲದಿಂದಲೇ ಹಿಡಿದು ನಿಲ್ಲಿಸಬಹುದು, ಮೋಟರಿಗೆ ಬೀಳುವ ಮುಂಭಾರಕ್ಕೆ ಹಿಂದೆ ತೂಕ ಕಟ್ಟಲು ಒಪ್ಪಿದರೆ.

ಪ್ರಶ್ನೆಗಳಲ್ಲಿ ಒಬ್ಬ ವಿದ್ಯಾರ್ಥಿನಿ, ಫೈಬರ್ ಗ್ಲಾಸ್ ತರಂಗಕ್ಕೆ ಪೂರ್ತಿ ಪಾರದರ್ಶಕವೇ ಎಂದು ಕೇಳಿದಳು. ಪೂರ್ತಿ ಅಲ್ಲ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ನಾಲ್ಕೈದರ ಸುತ್ತ ಇರುತ್ತದೆ, ಆದ್ದರಿಂದ 70 ಸೆಂಟಿಮೀಟರಿನಲ್ಲಿ ಕಡ್ಡಿಗೆ ಒತ್ತಿಕೊಂಡಂತೆ ಇಟ್ಟರೆ ಆ್ಯಂಟೆನಾದ ಅನುರಣನ ಆವರ್ತನ ಕೊಂಚ ಕೆಳಗೆ ಜಾರುತ್ತದೆ. ಎರಡು ಕಡ್ಡಿಗಳ ಮಧ್ಯದಲ್ಲಿ ಇಟ್ಟರೆ ನನ್ನ ಮೀಟರಿಗೆ ಕಾಣುವಷ್ಟು ವ್ಯತ್ಯಾಸ ಬರಲಿಲ್ಲ.

ಕೊನೆಯ ಪ್ರಶ್ನೆ ಧಾರವಾಡದ ಹಿರಿಯರೊಬ್ಬರದು: “ನಮ್ಮ ಕಡೆ ಮುಸ್ಯಾಗಳ ಕಾಟ ಭಾಳ ಅದರೀ. ಬೂಮ್ ಮ್ಯಾಲ ಬಂದು ಕುಂತ್ರ ಏನ್ ಮಾಡೋದ್ರಿ?” ಸಭೆ ನಕ್ಕಿತು, ಆದರೆ ಅದು ಸರಿಯಾದ ಪ್ರಶ್ನೆ, ಲೆಕ್ಕವೂ ಇದೆ. ಹತ್ತು ಕೆ.ಜಿ.ಯ ಮುಸ್ಯಾ (ಕಪ್ಪು ಮುಖದ ಮಂಗ) ಒಂದು ಮೀಟರ್ ದೂರದಲ್ಲಿ ಕೂತರೆ ಆ್ಯಂಟೆನಾದ ಭಾರವೂ ಸೇರಿ 40 ಮಿಲಿಮೀಟರಿನ ಫೈಬರ್ ಕೊಳವೆಯಲ್ಲಿ ಹುಟ್ಟುವ ಒತ್ತಡ, ಒಳ್ಳೆಯ ಕೊಳವೆ ತಡೆಯುವುದರ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ನೆಗೆದು ಕೂತರೂ ಕೊಳವೆ ಮುರಿಯದು. ಜಾರುವುದು ಕ್ಲ್ಯಾಂಪು: ಆ್ಯಂಟೆನಾ ದಂಡದ ಮೇಲೆ ಹತ್ತು ಹದಿನೈದು ಡಿಗ್ರಿ ತಿರುಗಿ ನಿಲ್ಲುತ್ತದೆ, ಪರದೆಯ ಮೇಲೆ ರೊಟೇಟರಿನ ಅಂಕಿ ಮಾತ್ರ ಸರಿಯಾಗಿಯೇ ಇರುತ್ತದೆ. ಬೆಣೆಯ ಮೂಲಕ ಹಾದುಹೋಗುವಂತೆ ಒಂದು 6 ಮಿಲಿಮೀಟರ್ ಬೋಲ್ಟ್ ಹಾಕಿದರೆ ಇದು ತಪ್ಪುತ್ತದೆ. ಬೋಲ್ಟ್ ಹಾಕಲು ಮನಸ್ಸಿಲ್ಲದವರು ಬಿಗಿದ ದಿನವೇ ಕ್ಲ್ಯಾಂಪಿನಿಂದ ಕೊಳವೆಯ ಮೇಲೆ ಹಾಯುವಂತೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿಡಲಿ. ಗೆರೆ ಮುರಿದಿದೆಯೋ ಇಲ್ಲವೋ ಎಂಬುದು ಅಂಗಳದಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದರೆ ಕಾಣುತ್ತದೆ, ಪ್ರತಿ ಸಲ ಏಣಿ ಹತ್ತಬೇಕಾಗುವುದಿಲ್ಲ.